ಮಳೆಗೊಂದು ಬರಹ

ಕಣಗಿನಹಾಳ,
ಉತ್ತರಿ ಮಳೆಯ ಕೊನೆಯ ಪಾದ

ಚಿ. ಮೊಮ್ಮಗಳಿಗೆ ನಿನ್ನ ಸಣ್ಣಜ್ಜ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಹೆಸರು ಒಕ್ಕಿ ಮುಗಿಯಿತು. ಉಳ್ಳಾಗಡ್ಡಿ ಹೊಲದಲ್ಲಿ ತೇವ ಹೆಚ್ಚಾಗಿದೆ ಎಂದು ನಿನ್ನ ಅಪ್ಪ ಸ್ವಲ್ಪ ಚಿಂತೆಯಲ್ಲಿದ್ದಾನೆ. ಎರಿ ಹೊಲ ಹಿಂಗಾರಿ ಜೋಳಕ್ಕೆ ಹದವಾಗಿ ಕೂತಿದೆ. ಧಾರವಾಡದಲ್ಲಿ ನಿನ್ನ ಊಟ, ಓದು, ಆರೋಗ್ಯ ನೆಟ್ಟಗಿದೆ ಎಂದುಕೊಂಡಿದ್ದೇನೆ.

ನಿನ್ನ ಕಾಗದ ಬಂತು. ಯುಗಾದಿಗೆ ಶುರು ಮಾಡಿದ ವಾರದ ಬರಹ ಶ್ರಾವಣದ ಹೊತ್ತಿಗೆ ನಿಂತುಹೋಯಿತೆಂದು ಬರೆದಿದ್ದೀ. ಕೂತರೆ ವಿಷಯ ಹೊಳೆಯುವುದಿಲ್ಲ, ಬರೆದರೆ ಓದುವವರು ಕಾಣುವುದಿಲ್ಲ, "ನಮ್ಮೂರಂಥ ಊರಿನ ಬಗ್ಗೆ ಎಷ್ಟಂತ ಬರೀಲಿ ಅಜ್ಜಾ?" ಎಂದು ಕೇಳಿದ್ದೀ. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ, ಈ ಕೊನೆಯ ಮಾತಿಗೆ ಮೊದಲು ಉತ್ತರ ಹೇಳಬೇಕು. ಅದು ನನ್ನನ್ನು ಬಹಳ ತಟ್ಟಿತು.

ನಮ್ಮೂರಂಥ ಊರು ಎಂದರೆ ಯಾವ ಊರು, ತಂಗೀ? 1905ರಲ್ಲಿ ಈ ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾದ ಊರು ಇದು. ಅದರ ಹಿಂದಿನ ವರ್ಷವಷ್ಟೇ, 1904ರಲ್ಲಿ, ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತ್ತು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಕಾಯಿದೆಯನ್ನು ಕೈಗೆತ್ತಿಕೊಂಡರು. ಅವರನ್ನು ಸಹಕಾರ ಪಿತಾಮಹ ಎನ್ನುತ್ತಾರೆ ಎನ್ನುವುದು ನಿನಗೆ ಶಾಲೆಯಿಂದಲೇ ಗೊತ್ತು. ಅದರ ಹಿಂದಿನ ಕಾಲ ಎಂಥದು ಎಂದು ಮಾತ್ರ ಸ್ವಲ್ಪ ಯೋಚಿಸು. 1876ರಿಂದ 78ರವರೆಗಿನ ದೊಡ್ಡ ಬರ ಈ ಸೀಮೆಯನ್ನು ಹಿಂಡಿ ಹಾಕಿತ್ತು. ಬಿತ್ತುವ ಬೀಜಕ್ಕೆ ಸಾಲ, ಎತ್ತಿಗೆ ಸಾಲ, ಮಗಳ ಮದುವೆಗೆ ಸಾಲ. ಸಾಲಕ್ಕೆ ಸಾವಕಾರನ ಕಟ್ಟೆ ಬಿಟ್ಟರೆ ಬೇರೆ ದಾರಿ ಇಲ್ಲ. ಜರ್ಮನಿಯ ಹಳ್ಳಿಗಾಡಿನಲ್ಲಿ ರೈಫೈಸೆನ್ ಎನ್ನುವವರು ಹತ್ತೊಂಬತ್ತನೆಯ ಶತಮಾನದ ನಡುವೆ ಇಂಥದೇ ಸಂಕಟ ಕಂಡು ರೈತರನ್ನೇ ಕೂಡಿಸಿ ಸಾಲದ ಸಂಘ ಕಟ್ಟಿದ್ದರು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅದನ್ನು ಅಭ್ಯಾಸ ಮಾಡಿ, ನಮ್ಮಲ್ಲೂ ಅಂಥ ಸಂಘಗಳು ಬೇಕೆಂದು 1890ರ ದಶಕದಲ್ಲಿ ವರದಿ ಕೊಟ್ಟರು. ವರದಿ ಕೊಡುವವರು ಕೊಟ್ಟರು, ಕಾಯಿದೆ ಮಾಡುವವರು ಮಾಡಿದರು. ಆದರೆ ಹತ್ತಿಯನ್ನೂ ಜೋಳವನ್ನೂ ನಂಬಿದ ಜನ ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಎಂದು ಕೈ ಎತ್ತಿದ್ದು ಮೊದಲು ಇಲ್ಲಿ.

ಇದನ್ನೇ ಬರೆ ಎಂದು ನಾನು ಹೇಳುತ್ತಿಲ್ಲ. ಇದನ್ನು ಎಲ್ಲರೂ ಬರೆದಿದ್ದಾರೆ. ನವೆಂಬರಿನ ಸಹಕಾರ ಸಪ್ತಾಹ ಬಂದರೆ ಸಾಕು, ಅದೇ ನಾಲ್ಕು ವಾಕ್ಯ ಎಲ್ಲ ಕಡೆ ಅಚ್ಚಾಗುತ್ತವೆ. ಬರೆಯದೆ ಉಳಿದದ್ದು ಬೇರೆ ಇದೆ. ಸಂಘದ ಸಾಲದಲ್ಲಿ ಕೊಂಡ ಮೊದಲ ಎತ್ತಿನ ಜೋಡಿ ಯಾರ ಕೊಟ್ಟಿಗೆಗೆ ಬಂತು ಎಂದು ಹೇಳುವ ಮನೆ ಯಾವುದಾದರೂ ಉಳಿದಿದೆಯೇ? ಗಂಡ ಹೋಗಿ ಹೆಬ್ಬೆಟ್ಟು ಒತ್ತಿ ಬಂದಾಗ ಒಳಮನೆಯಲ್ಲಿ ಹೆಂಡತಿ ಏನೆಂದಳು? ಊರ ಮಂದಿಯ ಸಾಲಕ್ಕೆಲ್ಲ ನಮ್ಮ ಹೊಲ ಹೊಣೆ ಎಂದರೆ ಅವಳಿಗೆ ಆ ರಾತ್ರಿ ನಿದ್ದೆ ಬಂದೀತೇ? ಯಾವ ಮನೆಯ ಅಟ್ಟದ ಟ್ರಂಕಿನಲ್ಲಿ ಹಳೆಯ ರಸೀದಿ, ಷೇರು ಪತ್ರ ಇದ್ದಾವು? ಇದನ್ನು ಬೆಂಗಳೂರಿನಲ್ಲಿ ಕೂತವರು ಬರೆಯಲಾರರು. ನೀನು ಬರೆಯಬಲ್ಲೆ, ಏಕೆಂದರೆ ಆ ಅಟ್ಟ ಹತ್ತಲು ನಿನಗೆ ಯಾರ ಅಪ್ಪಣೆಯೂ ಬೇಡ. "ಅಜ್ಜೀ, ಒಂದೀಟು ಮ್ಯಾಲೆ ಏರಿ ನೋಡ್ಲೇನು?" ಎಂದರೆ ಸಾಕು.

ಇನ್ನು ವಿಷಯ ಹೊಳೆಯುವುದಿಲ್ಲ ಎಂಬ ಮಾತು. ನಾನು ಪಂಡಿತನಲ್ಲ. ಸೊಸೈಟಿಯಲ್ಲಿ ಗುಮಾಸ್ತನಾಗಿ ಸೇರಿ ಸೆಕ್ರೆಟರಿಯಾಗಿ ನಿವೃತ್ತನಾದವನು. ಜೀವನವಿಡೀ ಬರೆದದ್ದು ರೋಜು ಕೀರ್ದಿ ಮತ್ತು ಖತಾವಣಿ. ಆದರೆ ಬರೆಯುವ ನಿಯಮವನ್ನು ಆ ಕೆಂಪು ಬಟ್ಟೆಯ ಪುಸ್ತಕಗಳೇ ನನಗೆ ಕಲಿಸಿದವು. ನಿನಗೆ ಕೊಡಲು ನನ್ನ ಹತ್ತಿರ ಬೇರೆ ಆಸ್ತಿ ಇಲ್ಲ, ಇದನ್ನು ಮನಸ್ಸಿಟ್ಟು ಕೇಳು.

ಕೀರ್ದಿಯಲ್ಲಿ ಆ ದಿನ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಹತ್ತು ರೂಪಾಯಿ ಬಂದರೂ ಒಂದು ಸಾಲು, ಲಕ್ಷ ಬಂದರೂ ಒಂದು ಸಾಲು. ಇದು ದೊಡ್ಡದು, ಇದು ಸಣ್ಣದು ಎಂದು ಆರಿಸುವ ಅಧಿಕಾರ ಬರೆಯುವವನಿಗಿಲ್ಲ. ಸಂಜೆ ಬಾಗಿಲು ಹಾಕುವ ಮುನ್ನ ಅಖೇರಿ ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದ ಮೊತ್ತ, ತೆಗೆಯಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ತಪ್ಪಾದರೆ ಕೆರೆದು ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಣ್ಣ ಸಹಿ ಹಾಕಬೇಕು. ಆಮೇಲೆ, ಪುರುಸೊತ್ತಿನಲ್ಲಿ, ಕೀರ್ದಿಯ ಒಂದೊಂದು ಸಾಲನ್ನೂ ಎತ್ತಿ ಅದರದರ ಖಾತೆಗೆ ಹಾಕುವುದು. ಬೀಜದ್ದು ಬೀಜಕ್ಕೆ, ಗೊಬ್ಬರದ್ದು ಗೊಬ್ಬರಕ್ಕೆ, ಸದಸ್ಯರದು ಅವರವರ ಹೆಸರಿಗೆ. ಆಗಲೇ ಗೊತ್ತಾಗುವುದು ಯಾವ ಖಾತೆ ತುಂಬಿದೆ, ಯಾವುದು ಖಾಲಿ ಎಂದು.

ನೀನು ಮಾಡುತ್ತಿರುವುದು ಏನೆಂದರೆ, ಕೀರ್ದಿಯೇ ಬರೆಯದೆ ಭಾನುವಾರ ಬೆಳಿಗ್ಗೆ ನೇರವಾಗಿ ಖಾತೆ ತೆರೆದು ಕೂಡುವುದು. ಅಲ್ಲಿ ಏನಿದ್ದೀತು? ಬರಿದಾದ ಹಾಳೆ ನೋಡಿ ನಿನಗೆ ಪ್ರತಿಭೆ ಇಲ್ಲವೆಂದು ನೀನೇ ತೀರ್ಮಾನ ಬರೆದುಕೊಳ್ಳುತ್ತೀ. ಪ್ರತಿಭೆಗೂ ಇದಕ್ಕೂ ಸಂಬಂಧವಿಲ್ಲ, ತಾಯಿ. ಜಮೆಯೇ ಆಗಿಲ್ಲ, ಅಷ್ಟೇ.

ಹಾಗಾಗಿ ಎರಡು ನೋಟುಪುಸ್ತಕ ಇಟ್ಟುಕೋ. ಒಂದು ಸಣ್ಣದು, ಕೈಚೀಲದಲ್ಲಿ ಹಿಡಿಯುವಂಥದ್ದು. ದಿನಕ್ಕೆ ಮೂರು ನಾಲ್ಕು ಸಾಲು ಸಾಕು. ಕಂಡದ್ದು, ಕೇಳಿದ್ದು, ಯಾರೋ ಅಂದ ಒಂದು ಮಾತು ಅವರ ಬಾಯಲ್ಲಿ ಬಂದ ಹಾಗೆಯೇ. ತಾರೀಖು, ಜಾಗ ಇರಲಿ. "ಬಹಳ ಸುಂದರವಾಗಿತ್ತು" ಎಂದು ಬರೆಯಬೇಡ, ಆ ಸಾಲಿನಿಂದ ಮುಂದೆ ಏನೂ ಹುಟ್ಟುವುದಿಲ್ಲ. ಏನು ಬಣ್ಣ, ಎಷ್ಟು ಬೆಲೆ, ಯಾರ ಕೈ, ಯಾವ ಶಬ್ದ, ಅದನ್ನು ಬರೆ. ಮೊಬೈಲಿನಲ್ಲಿ ಧ್ವನಿ ಹಿಡಿದರೂ ಆದೀತು, ಆದರೆ ಆ ಸಂಜೆಯೇ ಕೂತು ಕಾಗದಕ್ಕೆ ಇಳಿಸು. ಮೊಬೈಲಿನಲ್ಲಿ ಬಿದ್ದದ್ದು ಅಲ್ಲೇ ಬಿದ್ದಿರುತ್ತದೆ. ಇನ್ನೊಂದು ಪುಸ್ತಕ ದೊಡ್ಡದು. ಅದರಲ್ಲಿ ಪುಟದ ತಲೆಯ ಮೇಲೆ ಖಾತೆಯ ಹೆಸರು ಹಾಕು: ಕೈಕೆಲಸ, ಸಂತೆ, ನೀರು, ಹೆಣ್ಣುಮಕ್ಕಳ ದುಡ್ಡು, ಬಸ್ಸು, ಹಬ್ಬದ ಅಡುಗೆ, ಮರೆತ ಮಾತುಗಳು. ತಿಂಗಳಿಗೊಮ್ಮೆ ಸಣ್ಣ ಪುಸ್ತಕದಿಂದ ದೊಡ್ಡದಕ್ಕೆ ಎತ್ತಿ ಹಾಕು. ಯಾವ ಪುಟ ತಾನಾಗಿ ತುಂಬುತ್ತದೋ ಅದೇ ನಿನ್ನ ವಿಷಯ. ನೀನು ಅದನ್ನು ಆರಿಸಿದ್ದಲ್ಲ, ನಿನ್ನ ಕಣ್ಣು ಆಗಲೇ ಆರಿಸಿಬಿಟ್ಟಿದೆ.

ಒಂದು ಉದಾಹರಣೆ ಕೊಡುತ್ತೇನೆ. ಮೊನ್ನೆ ಓಣಿಯ ಕಟ್ಟೆಯ ಮೇಲೆ ಕೂತಾಗ ನಮ್ಮ ಎದುರುಮನೆಯ ಮುದುಕಿ ಒಂದು ಮಾತು ಹೇಳಿದಳು. "ಬೆಳಿ ಎದ್ದ ಮ್ಯಾಲೆ ಸಾಲು ನೋಡಿದ್ರ ಯಾರ ಕೈ ಬಿತ್ತೈತಿ ಅಂತ ಹೇಳತಿದ್ವಿ." ಇಷ್ಟೇ. ಕೀರ್ದಿಯಲ್ಲಿ ಇದು ಒಂದು ಸಾಲು.

ಈಗ ಆ ಸಾಲಿನ ಒಳಗೆ ಏನಿದೆ ನೋಡು. ಕೂರಿಗೆಯ ಹಿಂದೆ ನಡೆಯುವ ಹೆಣ್ಣುಮಗಳು ಸೀರೆಯ ಉಡಿಯಲ್ಲಿ ಜೋಳದ ಬೀಜ ಕಟ್ಟಿಕೊಂಡಿರುತ್ತಾಳೆ. ಮುಷ್ಟಿ ತುಂಬ ತೆಗೆದು ಕೂರಿಗೆಯ ಬಟ್ಟಲಿಗೆ ಬಿಡುತ್ತಾಳೆ. ಸುರಿಯುವುದಲ್ಲ, ಬಿಡುವುದು. ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಾ ಇರಬೇಕು, ಬೀಜ ಆ ಸಂದಿನಿಂದ ಒಂದೊಂದಾಗಿ ಜಾರಬೇಕು. ಬಟ್ಟಲಿನ ತಳದ ತೂತುಗಳಿಂದ ಬಿದಿರಿನ ಕೊಳವೆಗಳಿಗೆ, ಅಲ್ಲಿಂದ ತಾಳು ಸೀಳಿದ ಮಣ್ಣಿಗೆ. ಎಲ್ಲ ತೂತಿಗೂ ಸಮ ಬೀಳಬೇಕೆಂದರೆ ಮಣಿಕಟ್ಟು ಬಟ್ಟಲಿನ ಮೇಲೆ ಸುತ್ತುತ್ತಲೇ ಇರಬೇಕು. ಎತ್ತು ಜೋರಾದರೆ ಬೆರಳೂ ಜೋರು, ಎತ್ತು ಹೆಂಟೆ ಎಡವಿದರೆ ಬೆರಳೂ ತಡೆಯಬೇಕು. ಕಾಲು ಎರಿಯಲ್ಲಿ ಹೂಳುತ್ತಿರುತ್ತದೆ, ಬಿಸಿಲು ನೆತ್ತಿಯ ಮೇಲೆ, ಮುಷ್ಟಿಯ ಬೆವರಿಗೆ ಬೀಜ ಅಂಟಿಕೊಳ್ಳುತ್ತದೆ, ಅದಕ್ಕೆ ನಡುನಡುವೆ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಒಂದು ಚಣ ಮೈಮರೆತರೆ ಅಷ್ಟು ಉದ್ದ ಸಾಲು ಬರಡು. ವಾರ ಕಳೆದು ಮೊಳಕೆ ಎದ್ದಾಗ ಊರಿಗೆಲ್ಲ ಕಾಣುತ್ತದೆ.

ಇದನ್ನು ಬರೆಯುತ್ತ ಹೋದರೆ ಪ್ರಶ್ನೆಗಳು ಏಳುತ್ತವೆ. ಈ ಕೆಲಸ ಹೆಣ್ಣುಮಕ್ಕಳಿಗೇ ಏಕೆ ಬಂತು? ಅವಳಿಗೆ ಕಲಿಸಿದವರು ಯಾರು, ತವರಿನಲ್ಲೋ ಗಂಡನ ಮನೆಯಲ್ಲೋ? ಒಳ್ಳೆ ಕೈ ಎಂದು ಹೆಸರಾದವಳನ್ನು ಬೇರೆಯವರ ಹೊಲಕ್ಕೂ ಕರೆಯುತ್ತಿದ್ದರೇ, ಕೂಲಿ ಹೆಚ್ಚು ಕೊಡುತ್ತಿದ್ದರೇ? ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಯಂತ್ರ ಬಂದ ವರ್ಷ ಆ ಕೈಗಳು ಏನು ಮಾಡಿದವು? ಒಂದೊಂದು ಪ್ರಶ್ನೆಯೂ ಒಂದೊಂದು ಬರಹ. ನಿನ್ನ ಕಾಗದದಲ್ಲಿ ನೀನು "ಬರೆಯಲು ಏನೂ ಉಳಿದಿಲ್ಲ" ಎಂದಾಗ ನಾನು ಆ ಮುದುಕಿಯ ಬೆರಳುಗಳನ್ನೇ ನೆನೆದೆ. ಅವಳಿಗೀಗ ಎಂಬತ್ತು ದಾಟಿದೆ. ಅವಳು ಕಟ್ಟೆಯ ಮೇಲೆ ಕೂತು ಮಾತಾಡುತ್ತಿರುವಾಗ ನಮ್ಮ ಮನೆಯ ಹುಡುಗಿಗೆ ಬರೆಯಲು ವಿಷಯ ಇಲ್ಲ ಎನ್ನುವುದು ನನಗೆ ಸಹಿಸಲಾಗದ ಮಾತು.

ಸುತ್ತಲಿನ ದೊಡ್ಡ ವಿಷಯಗಳಿಗೆ ಕೈ ಹಾಕಬೇಡ ಎಂದಲ್ಲ. ಸೈಕಲ್ ಹೊಡೆದರೆ ಸಿಗುವಷ್ಟರಲ್ಲಿ ಏನೆಲ್ಲ ಇದೆ ನಮ್ಮಲ್ಲಿ! ಲಕ್ಕುಂಡಿ, ನಯಸೇನ ಧರ್ಮಾಮೃತ ಬರೆದ ಮುಳಗುಂದ, ಪಂಪ ತನ್ನ ಕಾವ್ಯದ ಕನ್ನಡಕ್ಕೆ ಆಧಾರವೆಂದು ನೆನೆದ ಪುಲಿಗೆರೆ ಎಂಬ ಲಕ್ಷ್ಮೇಶ್ವರ, ನಮ್ಮ ತಾಲೂಕಿನದೇ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಚೆನ್ನವೀರ ಕಣವಿ, ನಾಡಗೀತೆಯಂಥ ಹಾಡನ್ನು 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಕೊಟ್ಟ ಹುಯಿಲಗೋಳ ನಾರಾಯಣರಾಯರು. ಆದರೆ ಇವರ ಬಗ್ಗೆ ಮೊದಲೇ ಬರೆಯಲು ಹೊರಟರೆ ನಿನ್ನ ಕೈಯಲ್ಲಿ ಬರುವುದು ಪುಸ್ತಕದಿಂದ ಎತ್ತಿದ ಮಾತೇ. ಸಣ್ಣದರಿಂದ ಕಣ್ಣು ಪಳಗಲಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನೇ ತಗೋ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ಹೆಸರಾಗಿದೆ, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಇಷ್ಟನ್ನು ಪತ್ರಿಕೆಯವರು ಬರೆಯುತ್ತಾರೆ. ಆ ಹಕ್ಕಿಗಳು ಮೇಯಲು ಇಳಿಯುವ ಹೊಲ ಯಾರದು, ಆ ರೈತನಿಗೆ ಅವು ಬಂದರೆ ಸಂತೋಷವೋ ಸಂಕಟವೋ, ಮೊದಲ ಹಿಂಡು ಬಂತೆಂದು ಊರಿಗೆ ಸುದ್ದಿ ತರುವವರು ಯಾರು, ಅದನ್ನು ನೀನು ಹೋಗಿ ಕೇಳಿ ಬರೆಯಬೇಕು. ಹೋಗದೆ ಬರೆಯಬೇಡ.

ವಾರಕ್ಕೊಂದು ಎಂಬ ನಿಯಮದ ಬಗ್ಗೆ ನನಗೊಂದು ಮಾತಿದೆ. ವಾರ ಎನ್ನುವುದು ಆಫೀಸಿನ ಲೆಕ್ಕ. ಪರೀಕ್ಷೆ, ಮನೆಗೆ ಬರುವುದು ಹೋಗುವುದು, ಜ್ವರ ಶೀತ, ಇವುಗಳ ನಡುವೆ ಅದು ನಿನ್ನನ್ನು ಓಡಿಸುತ್ತದೆ. ಎರಡು ವಾರ ತಪ್ಪಿದರೆ ಮೂರನೆಯದಕ್ಕೆ ಮನಸ್ಸೇ ಬರುವುದಿಲ್ಲ. ನಮ್ಮವರ ಲೆಕ್ಕ ಹಿಡಿ. ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಬದಲಾಗುತ್ತದೆ. ವರ್ಷಕ್ಕೆ 27. ಒಂದು ಮಳೆಗೆ ಒಂದು ಬರಹ ಎಂದು ಇಟ್ಟುಕೋ. ರೋಹಿಣಿ ಕೂಡಿದರೆ ರೋಹಿಣಿಯ ಬರಹ, ಮಿರಗ ಕೂಡಿದರೆ ಮಿರಗದ್ದು. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ವಾರಕ್ಕೆ ತನ್ನದೆಂಬ ಗುಣ ಇಲ್ಲ, ಎಲ್ಲ ವಾರವೂ ಒಂದೇ. ಮಳೆಗೆ ಗುಣ ಇದೆ. ಮಿರಗದಲ್ಲಿ ಊರಿನ ಬಾಯಲ್ಲಿ ಬಿತ್ತನೆಯ ಮಾತು, ಬೀಜ ಗೊಬ್ಬರದ ಅಂಗಡಿಯ ಮುಂದೆ ಸಾಲು. ಮಗಿಯ ಹೊತ್ತಿಗೆ ಹೆಸರು ಬಿಡಿಸುವ ಕೂಲಿಯ ಚೌಕಾಶಿ. ಉತ್ತರಿ, ಹಸ್ತಾ ಎಂದರೆ ಹಿಂಗಾರಿಯ ಕೂರಿಗೆ. ಒಂದೊಂದು ಮಳೆಗೂ ಗಾದೆ ಇದೆ, ಅಡುಗೆ ಇದೆ, ಭಯ ಇದೆ. ಬೇಸಿಗೆಯ ನಕ್ಷತ್ರಗಳಲ್ಲಿ ಮಳೆ ಇಲ್ಲದಿದ್ದರೂ ಮದುವೆ, ಜಾತ್ರೆ, ನೀರಿನ ತಾಪತ್ರಯ ಇವೆ. ವಿಷಯ ನಿನ್ನನ್ನು ಹುಡುಕಿಕೊಂಡು ಬರುತ್ತದೆ. ಮುಂದಿನ ವರ್ಷ ಅದೇ ಮಳೆ ಮತ್ತೆ ಬಂದಾಗ ಹಿಂದಿನ ವರ್ಷದ ನಿನ್ನ ಕೀರ್ದಿ ತೆರೆದು ಕೂಡು. ಆಗ ಕಾಣುವ ವ್ಯತ್ಯಾಸ ಯಾವ ಪುಸ್ತಕದಲ್ಲೂ ಸಿಗದು.

ದಿನಕ್ಕೆ ಎಷ್ಟು ಹೊತ್ತು ಕೂಡಬೇಕು ಎಂದು ಕೇಳಬಹುದು. ಗದುಗಿನ ವೀರನಾರಾಯಣನ ಗುಡಿಯ ಕುಮಾರವ್ಯಾಸ ಕಂಬ ನೋಡಿದ್ದೀಯಲ್ಲ. ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಆ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಮಾತ್ರ ಭಾರತ ಬರೆಯುತ್ತಿದ್ದನಂತೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಐತಿಹ್ಯ ಎಂದೇ ತಿಳಿ. ಆದರೆ ಬರೆಯುವ ಕಷ್ಟ ಗೊತ್ತಿದ್ದ ಜನವೇ ಅದನ್ನು ಕಟ್ಟಿರಬೇಕು ಎಂದು ನನಗೆ ಅನ್ನಿಸುತ್ತದೆ. ಗದಗಿನ ಬಿಸಿಲಿಗೆ, ಗಾಳಿಗೆ ಬಟ್ಟೆ ಆರಲು ಎಷ್ಟು ಹೊತ್ತು ಬೇಕು? ಅಷ್ಟೇ ಹೊತ್ತು ದಿನಾ ಕೂತು ಹತ್ತು ಪರ್ವ, 8,000ಕ್ಕೂ ಹೆಚ್ಚು ಷಟ್ಪದಿ ಆದವು ಎಂದು ಆ ಕತೆ ಹೇಳುತ್ತದೆ. ಒದ್ದೆ ಬಟ್ಟೆ ಮೈಮೇಲೆ ಇದ್ದಾಗ ಸ್ಫೂರ್ತಿ ಬರಲೆಂದು ಕಾಯುವಂತಿಲ್ಲ, ಎದ್ದು ಓಡಾಡುವಂತಿಲ್ಲ. ಹೊತ್ತು ಮುಗಿದ ಮೇಲೆ ಇನ್ನೂ ನಾಲ್ಕು ಪದ್ಯ ಎಂದು ಎಳೆಯುವಂತೆಯೂ ಇಲ್ಲ. ನೀನೂ ಒಂದು ಅಳತೆ ಇಟ್ಟುಕೋ. ರಾತ್ರಿ ಊಟವಾದ ಮೇಲೆ ಅರ್ಧ ತಾಸು ಎಂದರೆ ಅರ್ಧ ತಾಸು. ಮಾತು ಓಡುತ್ತಿರುವಾಗಲೇ ನಿಲ್ಲಿಸಿದರೆ ಮರುದಿನ ಕೂಡುವುದು ಸುಲಭ. ಎಲ್ಲ ಹಿಂಡಿ ಎದ್ದರೆ ಮರುದಿನ ಮತ್ತೆ ಖಾಲಿ ಹಾಳೆಯ ಮುಂದೆಯೇ ಕೂಡಬೇಕಾಗುತ್ತದೆ.

ಹುಮ್ಮಸ್ಸು ಇಲ್ಲ ಎನ್ನುತ್ತೀ. ನೀನಿರುವ ಊರಿನ ಪಕ್ಕದ ಹುಬ್ಬಳ್ಳಿಯಲ್ಲಿ ಪಾ.ವೆಂ. ಆಚಾರ್ಯರು ಕಸ್ತೂರಿ ಮಾಸಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದರು, ಹಲವು ಹೆಸರುಗಳಲ್ಲಿ ತಾವೂ ಬರೆದರು. ತಿಂಗಳು ತುಂಬಿದರೆ ಸಂಚಿಕೆ ಹೊರಡಲೇಬೇಕು. ಅಂಥವರ ದಿನಗಳಲ್ಲೂ ಬೇಸರದ ದಿನಗಳು ಇದ್ದೇ ಇದ್ದಾವು. ಅವರನ್ನು ಕೂರಿಸಿದ್ದು ಕಾಯುತ್ತಿದ್ದ ಓದುಗ ಎಂದು ನಾನು ನಂಬಿದ್ದೇನೆ. ಕೀರ್ದಿ ಬರೆಯಲು ನನಗೆ ಎಂದೂ ಹುಮ್ಮಸ್ಸು ಬೇಕಾಗಲಿಲ್ಲ. ನಾಳೆ ಬೆಳಿಗ್ಗೆ ಯಾರೋ ರೈತ ಬಂದು "ನನ್ನ ಲೆಕ್ಕ ನೋಡ್ರಿ" ಎನ್ನುತ್ತಾನೆ ಎಂಬುದು ಗೊತ್ತಿತ್ತು, ಅದೇ ಸಾಕಿತ್ತು.

ಹಾಗಾದರೆ ನಿನ್ನ ಲೆಕ್ಕ ಕೇಳುವವರು ಯಾರು? ಇಲ್ಲಿ ನೀನು ಒಂದು ಕಡೆ ದಾರಿ ತಪ್ಪಿದ್ದೀ ಎಂದು ನನಗೆ ಕಾಣುತ್ತದೆ. ಎಷ್ಟು ಜನ ಓದಿದರು ಎಂದು ದಿನಾ ಎಣಿಸುತ್ತೀಯಂತೆ. ಸಂಘದ ಲಾಭ ನಷ್ಟವನ್ನು ದಿನಾ ತೆಗೆಯುವುದಿಲ್ಲ, ಮಗಳೇ. ದಿನಾ ತೆಗೆಯುವುದು ಶಿಲ್ಕು. ಲಾಭ ನಷ್ಟ ವರ್ಷಕ್ಕೊಮ್ಮೆ. ಎಣಿಕೆಯನ್ನು ದೀಪಾವಳಿ ಪಾಡ್ಯಕ್ಕೆ, ಅಂಗಡಿಕಾರರು ಹೊಸ ಖಾತೆ ಪುಸ್ತಕ ಪೂಜೆ ಮಾಡುವ ದಿನಕ್ಕೆ ಇಟ್ಟುಬಿಡು. ಅಲ್ಲಿಯವರೆಗೆ ಓದುವ ಒಬ್ಬರನ್ನು ಮನಸ್ಸಿನಲ್ಲಿ ಕೂರಿಸಿಕೊಂಡು ಬರೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಮಾಡಿದ ಸಾವಿರ ಪ್ರತಿ! ಆ ಕೃತಿ ಬರೆದ ಪೊನ್ನನಿಗೆ ಮುಂದೊಂದು ದಿನ ಇಂಥ ಒಬ್ಬ ತಾಯಿ ಬರುತ್ತಾಳೆಂದು ಗೊತ್ತಿರಲು ಸಾಧ್ಯವಿತ್ತೇ? ಬರೆದದ್ದು ಮೊದಲು ಇತ್ತು, ಅದಕ್ಕೇ ಅವಳಿಗೆ ಸಿಕ್ಕಿತು.

ಇನ್ನೂ ಹತ್ತಿರದ ಮಾತು ಬೇಕೆಂದರೆ 1988ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆಯನ್ನು ನೋಡು. ಶ್ರೀಪಡ್ರೆಯವರು ಮತ್ತು ಅವರ ಬಳಗ ಕೃಷಿಕರ ಕೈಗೆ ಲೇಖನಿ ಕೊಡಬೇಕೆಂದು ಹಟ ಹಿಡಿದರು, ತೋಟದವರಿಗೆ ಬರವಣಿಗೆಯ ಶಿಬಿರ ಮಾಡಿದರು. ನಿನ್ನ ಧಾರವಾಡದಲ್ಲೇ ಕೃಷಿ ಮಾಧ್ಯಮ ಕೇಂದ್ರ ಹುಟ್ಟಿ ಅದೇ ಕೆಲಸವನ್ನು ಈ ಕಡೆಗೂ ತಂದಿತು. ಪೆನ್ನು ಹಿಡಿಯಲು ಹಿಂಜರಿದ ಎಷ್ಟೋ ರೈತರು ತಾವು ಮಾಡಿದ್ದನ್ನು ತಾವೇ ಬರೆದರು. ಒಬ್ಬನ ತೋಟದ ಅನುಭವ ಇನ್ನೊಬ್ಬನಿಗೆ ಬೇಕಾಗಿತ್ತು. ಬೇಕಾದವರು ಇದ್ದಾರೆ ಎಂಬುದು ಖಚಿತವಾದಾಗ ಕೈ ತಾನಾಗಿ ನಡೆಯುತ್ತದೆ. ನಿನ್ನ ಬರಹ ಯಾರಿಗೆ ಬೇಕು ಎಂದು ಕೇಳಿದರೆ ನಾನು ಹೇಳುತ್ತೇನೆ: ಗದಗಿನಿಂದ ಪುಣೆಗೆ, ಗೋವೆಗೆ, ಬೆಂಗಳೂರಿಗೆ ದುಡಿಯಲು ಹೋದ ಮನೆಗಳ ಮಕ್ಕಳಿಗೆ ಬೇಕು. ಅವರ ಅಜ್ಜಿಯ ಕೈ ಏನು ಮಾಡುತ್ತಿತ್ತೆಂದು ಅವರಿಗೆ ಹೇಳುವವರು ಬೇರೆ ಯಾರೂ ಇಲ್ಲ.

ಬರೆಯಲಾಗದ ದಿನಗಳೂ ಬರುತ್ತವೆ. ಸಂಘದಲ್ಲಿ ಯಾರೂ ಬಾರದ ದಿನ ನಾವು ಪುಟ ಖಾಲಿ ಬಿಡುತ್ತಿರಲಿಲ್ಲ. ತಾರೀಖು ಹಾಕಿ "ವ್ಯವಹಾರ ಇಲ್ಲ" ಎಂದು ಬರೆದು ಶಿಲ್ಕು ಮುಂದಕ್ಕೆ ಒಯ್ಯುತ್ತಿದ್ದೆವು. ಹಾಗೆ ಬರೆದಾಗ ಎಳೆ ಕಡಿಯುವುದಿಲ್ಲ. ಕಳೆದ ಶ್ರಾವಣದಲ್ಲಿ ನಿನ್ನ ತಾಯಿ ಹಾಸಿಗೆ ಹಿಡಿದಾಗ ನೀನು ನಿಲ್ಲಿಸಿದ್ದು ತಪ್ಪಲ್ಲವೇ ಅಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂಥ ದಿನಗಳಲ್ಲಿ ತಾರೀಖು ಹಾಕಿ ಎರಡು ಶಬ್ದ ಬರೆ, ಮಲಗು. ಮತ್ತೆ ಶುರು ಮಾಡುವಾಗ ಬಿಟ್ಟದ್ದನ್ನೆಲ್ಲ ತುಂಬಿಸಲು ಹೋಗಬೇಡ. ಬಾಕಿ ತೀರಿಸುವ ಹಟಕ್ಕೆ ಬಿದ್ದವರು ಎರಡನೆಯ ಸಲ ಪೂರ್ತಿ ನಿಲ್ಲಿಸಿಬಿಡುವುದನ್ನು ನಾನು ಕಂಡಿದ್ದೇನೆ.

ಒಂದು ಎಚ್ಚರಿಕೆ. ಸೊಸೈಟಿಯಲ್ಲಿ ಒಬ್ಬರ ಖಾತೆಯನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಊರಿನವರು ನಿನ್ನೆದುರು ಬಾಯಿ ಬಿಡುವುದು ನೀನು ಮನೆಮಗಳು ಎಂದು. ಅವರ ಸಾಲ, ಜಗಳ, ಸೊಸೆಯ ಮೇಲಿನ ಸಿಟ್ಟು ನಿನ್ನ ಸಣ್ಣ ಪುಸ್ತಕದಲ್ಲಿ ಇರಲಿ. ಹೊರಗೆ ಹೋಗುವ ಮುನ್ನ ಅವರ ಮುಂದೆ ಕೂತು ಓದಿ ಹೇಳು. "ಬ್ಯಾಡವಾ" ಎಂದರೆ ಹೊಡೆದು ಹಾಕು, ಎಷ್ಟೇ ಚಂದದ ಸಾಲಾಗಿರಲಿ. ಎದುರುಮನೆಯ ಮುದುಕಿಯ ಮಾತನ್ನು ನಿನಗೆ ಬರೆಯುವ ಮುನ್ನ ನಾನೂ ಅವಳನ್ನು ಕೇಳಿದ್ದೇನೆ. "ಬರಿ ಬರಿ, ಹುಡುಗಿ ಬಂದ್ರ ಕೂರಿಗಿ ಹ್ಯಾಂಗ ಹಿಡಿಯೂದು ತೋರಸ್ತೀನಿ" ಎಂದಿದ್ದಾಳೆ. ದಸರೆಯ ರಜೆಗೆ ಬಂದಾಗ ಹೋಗೋಣ. ಹಳೆಯ ಕೂರಿಗೆ ಅವರ ಹಿತ್ತಲಲ್ಲಿ ಇನ್ನೂ ಇದೆ.

ಇನ್ನೊಂದೇ ಮಾತು, ನಮ್ಮೂರಿನಿಂದಲೇ ಕಲಿತದ್ದು. 1904ರ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಉಳಿದವರೆಲ್ಲರ ತಲೆಯ ಮೇಲೆ. ಅದಕ್ಕೇ ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದರು, ಬೆಳೆ ಹೇಗಿದೆ, ಎತ್ತು ಹೇಗಿದೆ ಎಂದು. ನೀನು ಒಬ್ಬಳೇ ಕೋಣೆಯಲ್ಲಿ ಕೂತು ಬರೆಯುತ್ತೀ, ನಿಲ್ಲಿಸಿದರೆ ಕೇಳುವವರಿಲ್ಲ. ಒಬ್ಬ ಜಾಮೀನುದಾರಳನ್ನು ಹುಡುಕಿಕೋ. ನಿನ್ನ ಜೊತೆ ಓದುವ ಹುಡುಗಿಯರಲ್ಲಿ ಮುಂಡರಗಿಯವಳೋ ಲಕ್ಷ್ಮೇಶ್ವರದವಳೋ ಯಾರಾದರೂ ಬರೆಯುವ ಆಸೆಯವರು ಇದ್ದೇ ಇರುತ್ತಾರೆ. ಅವಳ ಮಳೆಯ ಬರಹ ನೀನು ಓದಬೇಕು, ನಿನ್ನದು ಅವಳು. ಹೊಗಳುವುದು ಬೇಡ. ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಜಾರಿತು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದರೆ ಸಾಕು. ಒಬ್ಬಳು ತಪ್ಪಿಸಿದರೆ ಇನ್ನೊಬ್ಬಳು ಮನೆಗೆ ಹೋಗಿ ಕೇಳಬೇಕು.

ಚಿತ್ತಿ ಮಳೆ ಕೂಡುವ ಮುನ್ನ ನಿನ್ನ ಹಸ್ತಾ ಮಳೆಯ ಬರಹ ನನಗೆ ಅಂಚೆಯಲ್ಲಿ ಕಳಿಸು. ಕೈಬರಹದಲ್ಲೇ ಇರಲಿ, ಅಕ್ಷರ ಸ್ವಲ್ಪ ದಪ್ಪಗೆ ಬರೆ, ನನ್ನ ಕಣ್ಣಿಗೆ ಅನುಕೂಲ. ನಿನ್ನ ಅಜ್ಜಿ ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಟ್ಟಿದ್ದಾಳೆ, ಶನಿವಾರ ನಿನ್ನ ಅಪ್ಪ ಧಾರವಾಡಕ್ಕೆ ಬರುವಾಗ ತರುತ್ತಾನೆ. ಜಾಮೀನುದಾರಳು ಯಾರಾದಳು ಎಂದು ಅವನ ಕೈಯಲ್ಲೇ ಚೀಟಿ ಬರೆದು ಕಳಿಸು. ಅವಳಿಗೂ ಒಂದು ಡಬ್ಬಿ ಚಟ್ನಿ ಇಟ್ಟಿದ್ದೇವೆ.

ನಿನ್ನ ಸಣ್ಣಜ್ಜ